ವಾಕರ್, ಫುಲ್ಲರ್, ಟಕರ್: ಕಸುಬಿನಿಂದ ಬಂದ ಇಂಗ್ಲಿಷ್ ಅಡ್ಡಹೆಸರಿನ ಮೂಲವನ್ನು ಹುಡುಕುವ ಬಗೆ

ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಮುಲ್ತಾನಿ ಮಿಟ್ಟಿಗೆ ಇಂಗ್ಲಿಷಿನಲ್ಲಿ ‘ಫುಲ್ಲರ್ಸ್ ಅರ್ತ್’ ಎಂದು ಹೆಸರು. ಫುಲ್ಲರನ ಮಣ್ಣು ಎಂಬುದು ಅದರ ಅರ್ಥ. ಫುಲ್ಲರ್ ಎಂದರೆ ಮಗ್ಗದಿಂದ ಇಳಿದ ಉಣ್ಣೆಬಟ್ಟೆಯನ್ನು ನೀರಿನಲ್ಲಿ ತುಳಿದು, ಅದರ ಜಿಡ್ಡು ತೆಗೆದು, ಉಡಲು ಯೋಗ್ಯವಾಗುವಂತೆ ಹದಗೊಳಿಸುತ್ತಿದ್ದ ಕಸುಬುದಾರ. ಇದೇ ಕಸುಬಿನವನನ್ನು ಇಂಗ್ಲೆಂಡಿನ ಉತ್ತರ ಭಾಗದವರು ವಾಕರ್ ಎಂದೂ ನೈಋತ್ಯದವರು ಟಕರ್ ಎಂದೂ ಕರೆಯುತ್ತಿದ್ದರು. ಕಸುಬು ಕೈಬಿಟ್ಟುಹೋಗಿ ಎಷ್ಟೋ ಶತಮಾನಗಳಾದ ಮೇಲೂ ಈ ಮೂರು ಮಾತುಗಳು ಲಕ್ಷಾಂತರ ಮನೆತನಗಳ ಅಡ್ಡಹೆಸರುಗಳಾಗಿ ಉಳಿದಿವೆ. ಕಸುಬಿನಿಂದ ಹುಟ್ಟಿದ ಇಂಗ್ಲಿಷ್ ಅಡ್ಡಹೆಸರೊಂದರ ಚರಿತ್ರೆಯನ್ನು ಹುಡುಕುವುದು ಹೇಗೆ ಎಂದು ತಿಳಿಸಲು ಇವುಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. ಒಂದೇ ಕೆಲಸಕ್ಕೆ ಮೂರು ಹೆಸರು ಹುಟ್ಟಿರುವುದರಿಂದ, ಹೆಸರಿನ ಅರ್ಥ ಏನು ಎಂದು ಕೇಳುವುದಕ್ಕಿಂತ ಅದು ಯಾವ ಊರಿನ ಮಾತು, ಯಾವ ಕಾಲದ ಮಾತು ಎಂದು ಕೇಳುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ಇಲ್ಲಿ ಕಣ್ಣಿಗೆ ಕಟ್ಟುವಂತೆ ತಿಳಿಯುತ್ತದೆ.

ಹುಡುಕಾಟವನ್ನು ಕಸುಬಿನಿಂದಲೇ ಆರಂಭಿಸಬೇಕು. ಕೆಲಸ ಹೇಗೆ ನಡೆಯುತ್ತಿತ್ತು ಎಂಬುದು ಗೊತ್ತಿಲ್ಲದಿದ್ದರೆ ಹಳೆಯ ದಾಖಲೆಯಲ್ಲಿ ಕಣ್ಣೆದುರಿಗಿರುವ ಸುಳಿವೂ ಗುರುತು ಸಿಗದೆ ಹೋಗುತ್ತದೆ. ಮಗ್ಗದಿಂದ ಆಗತಾನೆ ಇಳಿದ ಉಣ್ಣೆಬಟ್ಟೆ ಸಡಿಲವಾಗಿ, ಎಳೆಗಳ ನಡುವೆ ಬೆಳಕು ಕಾಣುವಂತೆ ಇರುತ್ತದೆ. ಕುರಿಯ ಮೈಯ ಜಿಡ್ಡೂ, ನೂಲುವಾಗ ಸವರಿದ ಎಣ್ಣೆಯೂ ಅದರಲ್ಲಿ ಉಳಿದಿರುತ್ತವೆ. ಅದನ್ನು ತೊಟ್ಟಿಯಲ್ಲಿ ಹಾಕಿ, ಹಳಸಿದ ಮೂತ್ರವನ್ನೋ ಜಿಡ್ಡು ಹೀರುವ ಮಣ್ಣನ್ನೋ ಬೆರೆಸಿದ ನೀರಿನಲ್ಲಿ ಗಂಟೆಗಟ್ಟಲೆ ಕಾಲಿನಿಂದ ತುಳಿಯುತ್ತಿದ್ದರು. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿವೆ. ತೇವ, ಶಾಖ, ಒತ್ತಡ ಮೂರೂ ಕೂಡಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಉದ್ದಗಲಗಳಲ್ಲಿ ಕುಗ್ಗಿ, ದಪ್ಪವಾಗಿ, ಗಾಳಿಮಳೆಯನ್ನು ತಡೆಯುವ ಶಕ್ತಿ ಪಡೆಯುತ್ತದೆ. ಹತ್ತಿಯ ಎಳೆಗೆ ಈ ಗುಣವಿಲ್ಲ. ತುಳಿದ ಬಟ್ಟೆಯನ್ನು ಮರದ ಚೌಕಟ್ಟುಗಳ ಕೊಕ್ಕೆಗಳಿಗೆ ಸಿಕ್ಕಿಸಿ ಬಿಗಿಯಾಗಿ ಎಳೆದು ಒಣಗಿಸುತ್ತಿದ್ದರು. ಆಮೇಲೆ ಮುಳ್ಳಿನ ಕಾಯಿಯಿಂದ ಅದರ ಮೇಲ್ಮೈಯ ನವಿರನ್ನು ಎಬ್ಬಿಸಿ, ದೊಡ್ಡ ಕತ್ತರಿಯಿಂದ ಸಮನಾಗಿ ಕತ್ತರಿಸುತ್ತಿದ್ದರು. ಆ ಕತ್ತರಿಯವನ ಕೆಲಸ ಶೇರ್‌ಮನ್ ಅಥವಾ ಶರ್ಮನ್ ಎಂಬ ಬೇರೆಯೇ ಅಡ್ಡಹೆಸರಾಗಿ ನಿಂತಿತು. ಅದೇ ರೀತಿ ನೇಯುವವರಿಂದ ವೆಬ್, ವೆಬರ್, ವೆಬ್‌ಸ್ಟರ್ ಎಂಬ ಹೆಸರುಗಳೂ ಬಣ್ಣ ಹಾಕುವವರಿಂದ ಡೈಯರ್, ಲಿಸ್ಟರ್ ಎಂಬ ಹೆಸರುಗಳೂ ಬಂದವು. ಇಂಗ್ಲೆಂಡಿನ ಮಧ್ಯಯುಗದ ಸಂಪತ್ತಿನ ಬಹುಭಾಗ ಉಣ್ಣೆಯಿಂದ ಬಂದದ್ದು ಎಂಬುದನ್ನು ನೆನೆದರೆ, ಅಡ್ಡಹೆಸರುಗಳಲ್ಲಿ ಉಣ್ಣೆಯ ಕಸುಬುಗಳು ಇಷ್ಟೊಂದು ಇರುವುದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯ ಕೆಲಸ ಶಬ್ದದ ಬೇರನ್ನು ನೋಡುವುದು. ಇಲ್ಲಿ ಇಂದಿನ ಅರ್ಥವನ್ನು ಪೂರ್ತಿಯಾಗಿ ಪಕ್ಕಕ್ಕಿಡಬೇಕು. ವಾಕರ್ ಎಂದ ಕೂಡಲೇ ನಡೆಯುವವನು ಎಂಬ ಅರ್ಥ ಹೊಳೆಯುತ್ತದೆ. ಬಟ್ಟೆಯನ್ನು ಕಾಲಿನಿಂದ ತುಳಿಯುತ್ತಿದ್ದುದರಿಂದ ಆ ವಿವರಣೆ ಸರಿಹೊಂದಿದಂತೆಯೂ ತೋರುತ್ತದೆ. ನಿಜವಾದ ದಾರಿ ಇದಕ್ಕೆ ತಿರುಗುಮುರುಗಾಗಿದೆ. ಹಳೆಯ ಇಂಗ್ಲಿಷಿನಲ್ಲಿ ‘ವೆಅಲ್ಕನ್’ ಎಂದರೆ ಉರುಳಿಸು, ಹೊರಳಾಡಿಸು ಎಂದು. ಬಟ್ಟೆಯನ್ನು ಹೊರಳಿಸಿ ಹದಗೊಳಿಸುವವನು ‘ವೆಅಲ್ಕೆರೆ’. ಆ ಕ್ರಿಯಾಪದಕ್ಕೆ ಕಾಲುನಡಿಗೆ ಎಂಬ ಅರ್ಥ ಬಂದದ್ದು ನಡುಗಾಲದ ಇಂಗ್ಲಿಷಿನಲ್ಲಿ. ಅಂದರೆ ಈ ಅಡ್ಡಹೆಸರಿನೊಳಗೆ ಇರುವ ಅರ್ಥ ಇಂದಿನ ಭಾಷೆಯ ಅರ್ಥಕ್ಕಿಂತ ಹಳೆಯದು. ಟಕರ್ ಎಂಬುದರ ಬೇರು ‘ತೂಕಿಅನ್’. ಅದಕ್ಕೆ ಮೊದಲಿದ್ದ ಅರ್ಥ ಪೀಡಿಸು, ಗೋಳಾಡಿಸು ಎಂದು. ಒದ್ದೆ ಬಟ್ಟೆಯನ್ನು ಬಡಿದು ಎಳೆದಾಡುವ ಕೆಲಸಕ್ಕೆ ಈ ಮಾತು ಹೇಗೆ ಒಗ್ಗಿತು ಎಂಬುದನ್ನು ತೊಟ್ಟಿಯ ಮುಂದೆ ನಿಂತವನನ್ನು ಊಹಿಸಿಕೊಂಡರೆ ಸುಲಭವಾಗಿ ಗ್ರಹಿಸಬಹುದು. ಫುಲ್ಲರ್ ಎಂಬುದು ಲ್ಯಾಟಿನಿನ ‘ಫುಲ್ಲೊ’ ಶಬ್ದದಿಂದ ಹಳೆಯ ಇಂಗ್ಲಿಷಿಗೆ ಬಂದು, 1066ರಲ್ಲಿ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಅದೇ ಬೇರಿನ ಫ್ರೆಂಚ್ ಮಾತಿನ ಜೊತೆ ಸೇರಿ ಗಟ್ಟಿಯಾಯಿತು. ಈ ಹಂತದಲ್ಲಿ ಪ್ರಮಾಣಭೂತವಾದ ನಿಘಂಟನ್ನೇ ಬಳಸಬೇಕು; ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ 2016ರಲ್ಲಿ ನಾಲ್ಕು ಸಂಪುಟಗಳಲ್ಲಿ ಹೊರತಂದ ಬ್ರಿಟನ್ ಮತ್ತು ಐರ್ಲೆಂಡಿನ ಅಡ್ಡಹೆಸರುಗಳ ನಿಘಂಟು ಪ್ರತಿ ಹೆಸರಿಗೂ ಹಳೆಯ ದಾಖಲೆಗಳಲ್ಲಿನ ರೂಪಗಳನ್ನು ವರ್ಷ ಮತ್ತು ಸ್ಥಳದ ಸಮೇತ ಕೊಡುತ್ತದೆ. ಯಾವ ವರ್ಷ, ಯಾವ ಸೀಮೆ ಎಂಬ ವಿವರವಿಲ್ಲದೆ ಬರಿಯ ಅರ್ಥವನ್ನು ಹೇಳಿ, ಜೊತೆಗೆ ಒಂದು ವಂಶಲಾಂಛನದ ಚಿತ್ರವನ್ನು ಮಾರುವ ಪುಟಗಳನ್ನು ನಂಬಬಾರದು. ಇಂಗ್ಲೆಂಡಿನಲ್ಲಿ ಲಾಂಛನ ದೊರೆಯುವುದು ಒಬ್ಬ ವ್ಯಕ್ತಿಗೆ, ಅವನಿಂದ ಅವನ ಸಂತತಿಗೆ. ಒಂದು ಅಡ್ಡಹೆಸರಿನವರಿಗೆಲ್ಲ ಸೇರಿದ ಲಾಂಛನ ಎಂಬುದು ಅಲ್ಲಿನ ಪದ್ಧತಿಯಲ್ಲಿಯೇ ಇಲ್ಲ.

ಮೂರನೆಯದು ಸೀಮೆಯನ್ನು ಗುರುತಿಸುವುದು. ವಾಕರ್ ಎಂಬ ಹೆಸರು ಯಾರ್ಕ್‌ಶೈರ್, ಲ್ಯಾಂಕಾಶೈರ್, ಡರ್ಹಂ ಮೊದಲಾದ ಉತ್ತರದ ಕೌಂಟಿಗಳಲ್ಲೂ (ನಮ್ಮ ಜಿಲ್ಲೆಗಳಂಥವು) ಇಂಗ್ಲೆಂಡಿನ ನಡುಭಾಗವಾದ ಮಿಡ್‌ಲ್ಯಾಂಡ್ಸ್‌ನಲ್ಲೂ ಸ್ಕಾಟ್ಲೆಂಡಿನಲ್ಲೂ ದಟ್ಟವಾಗಿದೆ. ಸಸೆಕ್ಸ್, ಕೆಂಟ್, ನಾರ್ಫಕ್, ಸಫಕ್ ಕೌಂಟಿಗಳ ಕಡೆ ಫುಲ್ಲರ್ ಹೆಚ್ಚು. ಡೆವನ್, ಸಾಮರ್‌ಸೆಟ್, ಕಾರ್ನ್‌ವಾಲ್ ಟಕರ್‌ನ ನೆಲೆ. ನೆಲದ ಹೆಸರುಗಳೂ ಇದಕ್ಕೆ ಸಾಕ್ಷಿ ನುಡಿಯುತ್ತವೆ: ಕಾರ್ನ್‌ವಾಲಿನ ಕ್ಯಾಂಬೋರ್ನ್ ಪಕ್ಕದಲ್ಲಿ ಟಕಿಂಗ್‌ಮಿಲ್, ಅಂದರೆ ಬಟ್ಟೆ ಹದಗೊಳಿಸುವ ಗಿರಣಿ, ಎಂಬ ಊರಿದೆ, ವೇಲ್ಸ್‌ನಲ್ಲಿ ಇದೇ ಗಿರಣಿಗೆ ‘ಪಂಡಿ’ ಎಂಬ ಹೆಸರಿದ್ದು, ಟೋನಿಪಂಡಿ ಎಂಬ ಊರಿನ ಹೆಸರಿನಲ್ಲಿ ಅದು ಸೇರಿಕೊಂಡಿದೆ. ಡೆವನ್‌ನ ಎಕ್ಸಿಟರ್ ನಗರದಲ್ಲಿ ನೇಕಾರರು, ಬಟ್ಟೆ ತುಳಿಯುವವರು, ನವಿರು ಕತ್ತರಿಸುವವರು ಕೂಡಿ ಮಾಡಿಕೊಂಡಿದ್ದ ಕಸುಬುದಾರರ ಸಂಘ 1471ರಲ್ಲಿ ಕಟ್ಟಿಸಿದ ಭವನ ಇಂದಿಗೂ ನಿಂತಿದೆ. ಸಂಘದಲ್ಲಿ ಮೂರು ಕಸುಬಿನವರಿದ್ದರೂ ಕಟ್ಟಡವನ್ನು ಜನ ಕರೆಯುವುದು ಟಕರ್ಸ್ ಹಾಲ್ ಎಂದು. ಉತ್ತರದ ಊರೊಂದರಲ್ಲಿ ಅದೇ ಕಟ್ಟಡ ಎದ್ದಿದ್ದರೆ ಅದಕ್ಕೆ ಈ ಹೆಸರು ಬರುತ್ತಿರಲಿಲ್ಲ.

ಹರಡಿಕೆಯನ್ನು ನೋಡಲು 1881ರ ಜನಗಣತಿಯನ್ನು ಆಧರಿಸಿದ ನಕ್ಷೆಗಳು ಅನುಕೂಲ. ಆ ವರ್ಷದ ಗಣತಿಯ ಪುಟಗಳೆಲ್ಲವನ್ನೂ ಸ್ವಯಂಸೇವಕರು ನಕಲು ಮಾಡಿ ಅಕಾರಾದಿಗೆ ತಂದಿರುವುದರಿಂದ ಅಡ್ಡಹೆಸರುಗಳ ಅಧ್ಯಯನಕ್ಕೆ ಅದೇ ಆಧಾರವಾಗಿದೆ. ಆದರೆ ಅಷ್ಟರಲ್ಲಾಗಲೇ ಹಳ್ಳಿಗರು ಕಾರ್ಖಾನೆಗಳ ಊರುಗಳಿಗೂ ಲಂಡನ್ನಿಗೂ ಗುಳೆ ಹೋಗಿದ್ದರು ಎಂಬುದನ್ನು ಮರೆಯುವಂತಿಲ್ಲ. ಒಟ್ಟು ಎಷ್ಟು ಮಂದಿ ಇದ್ದಾರೆ ಎಂದು ಎಣಿಸಿದರೆ ದೊಡ್ಡ ನಗರಗಳೇ ಮುಂದೆ ಬರುತ್ತವೆ. ಆದ್ದರಿಂದ ಆ ಸೀಮೆಯ ಜನಸಂಖ್ಯೆಗೆ ಹೋಲಿಸಿದಾಗ ಹೆಸರು ಎಷ್ಟು ದಟ್ಟವಾಗಿದೆ ಎಂಬ ಲೆಕ್ಕವನ್ನೇ ನೋಡಬೇಕು.

ನಾಲ್ಕನೆಯ ಪ್ರಶ್ನೆ ಕಾಲದ್ದು, ಮತ್ತು ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದದ್ದು. ಕನ್ನಡಿಗರಾದ ನಾವು ಬಡಿಗೇರ, ಕಮ್ಮಾರ, ಪತ್ತಾರ, ಹೂಗಾರ ಎಂಬ ಅಡ್ಡಹೆಸರುಗಳನ್ನು ಕೇಳುತ್ತ ಬೆಳೆದವರು. ಅಂಥ ಹೆಸರಿನ ಹಿಂದೆ ತಲೆಮಾರುಗಳ ಕುಲಕಸುಬೂ ಒಂದು ಸಮುದಾಯವೂ ಇರುತ್ತವೆ ಎಂಬ ಎಣಿಕೆ ನಮ್ಮಲ್ಲಿ ಸಹಜವಾಗಿಯೇ ಬೇರೂರಿದೆ. ಈ ಎಣಿಕೆಯನ್ನು ಇಂಗ್ಲೆಂಡಿಗೆ ಒಯ್ದರೆ ಹುಡುಕಾಟ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತದೆ. ಅಲ್ಲಿ ಕಸುಬಿನ ಹೆಸರು ಮೊದಲು ಅಂಟಿಕೊಂಡದ್ದು ಒಬ್ಬ ವ್ಯಕ್ತಿಗೆ. ಊರಿನಲ್ಲಿ ನಾಲ್ವರು ಜಾನ್‌ಗಳಿದ್ದಾಗ ಬಟ್ಟೆ ತುಳಿಯುವ ಜಾನ್ ಯಾರು ಎಂದು ಗುರುತಿಸಲು ತೆರಿಗೆಯ ಗುಮಾಸ್ತನೋ ಊರವರೋ ಆ ಮಾತನ್ನು ಸೇರಿಸಿದರು. ಅವನ ಮಗ ಕಟುಕನಾದರೆ ಅವನನ್ನು ಕಟುಕನೆಂದೇ ಕರೆದದ್ದೂ ಉಂಟು. ಹೀಗೆ ತೇಲಾಡುತ್ತಿದ್ದ ಹೆಸರು ಯಾವುದೋ ಒಂದು ತಲೆಮಾರಿನಲ್ಲಿ ನಿಂತುಹೋಗಿ, ಕಸುಬು ಬದಲಾದರೂ ಬದಲಾಗದೆ ಮಕ್ಕಳಿಗೆ ಇಳಿಯತೊಡಗಿತು. ದಕ್ಷಿಣದಲ್ಲಿ ಇದು ಬೇಗ, ಉತ್ತರದಲ್ಲಿ ತಡ. ಒಟ್ಟಾರೆಯಾಗಿ 12ನೆಯ ಶತಮಾನದಿಂದ 14ನೆಯ ಶತಮಾನದ ಕೊನೆಯವರೆಗೆ ನಡೆದ ನಿಧಾನವಾದ ಬದಲಾವಣೆ ಇದು. ಸುರಪುರದಲ್ಲಿ ಆಡಳಿತ ನಡೆಸಿದ ಮೆಡೋಸ್ ಟೇಲರ್ ಅವರ ಅಡ್ಡಹೆಸರು ದರ್ಜಿ ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. ಅದು ಎಂದೋ ಸೂಜಿ ಹಿಡಿದ ಒಬ್ಬ ಪೂರ್ವಜನ ಕುರುಹೇ ಹೊರತು, ಆ ಮನೆತನದ ನಡುವಿನ ತಲೆಮಾರುಗಳು ಏನು ಮಾಡಿಕೊಂಡಿದ್ದವು ಎಂಬುದನ್ನು ತಿಳಿಸುವುದಿಲ್ಲ.

ಹೆಸರು ನಿಂತ ಕಾಲವನ್ನು ಅಂದಾಜು ಮಾಡಲು ತೆರಿಗೆಯ ಪಟ್ಟಿಗಳನ್ನು ಓದಬೇಕು. 1327 ಮತ್ತು 1332ರಲ್ಲಿ ಚರಾಸ್ತಿಯ ಮೇಲೆ ವಿಧಿಸಿದ ತೆರಿಗೆಯ ಪಟ್ಟಿಗಳೂ, 1377, 1379, 1381ರ ತಲೆಗಂದಾಯದ ಪಟ್ಟಿಗಳೂ ಹಲವು ಕೌಂಟಿಗಳಿಗೆ ಮುದ್ರಣದಲ್ಲಿ ದೊರೆಯುತ್ತವೆ. ಇವುಗಳಲ್ಲಿ 1379ರದು ಅಂತಸ್ತಿಗೆ ತಕ್ಕಂತೆ ವಿಧಿಸಿದ ಕಂದಾಯವಾದ್ದರಿಂದ, ಯಾರ್ಕ್‌ಶೈರಿನ ಪಶ್ಚಿಮ ಭಾಗದ ಪಟ್ಟಿಯಂಥವುಗಳಲ್ಲಿ ಹೆಸರಿನ ಪಕ್ಕದಲ್ಲೇ ಹಲವರ ಕಸುಬೂ ಬರೆದಿದೆ. ಹೆಸರು ಮತ್ತು ಕಸುಬು ಒಂದೇ ಆಗಿದ್ದರೆ ಅಲ್ಲಿ ಹೆಸರು ಇನ್ನೂ ಜೀವಂತ ವಿವರಣೆಯಾಗಿರಬಹುದು. ಬೇರೆಯಾಗಿದ್ದರೆ ಅದು ಆಗಲೇ ತಂದೆಯಿಂದ ಬಂದ ಅಡ್ಡಹೆಸರಾಗಿದೆ ಎಂದು ಹೇಳಲು ಬಲವಾದ ಆಧಾರ ಸಿಗುತ್ತದೆ. 1381ರ ಕಂದಾಯ ತಲೆಗೆ 12 ಪೆನ್ನಿಯಷ್ಟು ಭಾರವಾಗಿದ್ದುದರಿಂದ ಜನ ದಂಗೆಯೆದ್ದರು. ಆ ದಂಗೆಯ ಮುಂದಾಳು ವಾಟ್ ಟೈಲರ್‌ನ ಹೆಸರೂ ಹೆಂಚು ಹೊದಿಸುವ ಕಸುಬಿನದೇ. ಆ ವರ್ಷ ಕಂದಾಯ ತಪ್ಪಿಸಿಕೊಳ್ಳಲು ಎಷ್ಟೋ ಮಂದಿ ಹೆಸರು ಬರೆಸಲೇ ಇಲ್ಲವಾದ್ದರಿಂದ, 1381ರ ಪಟ್ಟಿಯಲ್ಲಿ ಒಂದು ಹೆಸರು ಕಾಣದಿದ್ದರೆ ಆ ಊರಿನಲ್ಲಿ ಅದು ಇರಲಿಲ್ಲ ಎಂದು ತೀರ್ಮಾನಿಸಬಾರದು.

ಈ ಪಟ್ಟಿಗಳನ್ನು ಓದುವಾಗ ಹೆಸರಿನ ಹಿಂದಿರುವ ಸಣ್ಣ ಮಾತಿನ ಮೇಲೆ ಕಣ್ಣಿಡಬೇಕು. ‘ರಿಚರ್ಡ್ ಲ ವಾಕರ್’ ಎಂದಿದ್ದರೆ ಅದು ಕಸುಬು. ‘ರಿಚರ್ಡ್ ದ ವಾಕರ್’ ಎಂದು ಸ್ಥಳಸೂಚಕ ಬಂದಿದ್ದರೆ, ಟೈನ್ ನದಿಯ ದಂಡೆಯಲ್ಲಿರುವ ವಾಕರ್ ಎಂಬ ಊರಿನಿಂದ ಬಂದವನು ಎಂದು ಅರ್ಥ. ರೋಮನ್ನರು ಕಟ್ಟಿದ ಗೋಡೆಯ ಬದಿಯ ಜೌಗುನೆಲ ಎಂಬ ಅರ್ಥದ ಆ ಊರಿನ ಹೆಸರಿಗೂ ಬಟ್ಟೆಯ ಕೆಲಸಕ್ಕೂ ಸಂಬಂಧವಿಲ್ಲ. ಇನ್ನೊಂದು ತೊಡಕು ಲ್ಯಾಟಿನಿನದು. ಗುಮಾಸ್ತರು ಆಡುಮಾತಿನ ಹೆಸರನ್ನು ಬಿಟ್ಟು ‘ಫುಲ್ಲೊ’ ಎಂದು ಲ್ಯಾಟಿನಿನಲ್ಲಿ ಬರೆದಾಗ, ಆ ಮನುಷ್ಯನನ್ನು ನೆರೆಯವರು ವಾಕರ್ ಎನ್ನುತ್ತಿದ್ದರೋ ಟಕರ್ ಎನ್ನುತ್ತಿದ್ದರೋ ಎಂಬುದು ಮುಚ್ಚಿಹೋಗುತ್ತದೆ. ಅದೇ ಊರಿನ, ಅದೇ ದಶಕದ ಇಂಗ್ಲಿಷ್ ರೂಪವೊಂದು ಸಿಗುವವರೆಗೆ ‘ಫುಲ್ಲೊ’ ಎಂಬುದನ್ನು ಫುಲ್ಲರ್ ಎಂದು ಬರೆದುಕೊಳ್ಳಬಾರದು.

ಕಸುಬಿನ ಚರಿತ್ರೆಗೂ ಈ ಕಾಲಕ್ಕೂ ಒಂದು ನಂಟಿದೆ. ಕಾಲಿನಿಂದ ತುಳಿಯುವ ಕೆಲಸವನ್ನು ನೀರಿನ ಚಕ್ರದಿಂದ ಏರಿಳಿಯುವ ಮರದ ಸುತ್ತಿಗೆಗಳಿಗೆ ಒಪ್ಪಿಸಿದ ಗಿರಣಿಗಳು ಇಂಗ್ಲೆಂಡಿನಲ್ಲಿ 12ನೆಯ ಶತಮಾನದ ಕೊನೆಯ ಭಾಗದಲ್ಲಿ ದಾಖಲೆಗೆ ಬರುತ್ತವೆ. ಟೆಂಪ್ಲರ್ ಎಂಬ ಕ್ರೈಸ್ತ ಯೋಧ ಸನ್ಯಾಸಿಗಳ ಪಂಥದವರ ಆಸ್ತಿಯ ಬಗ್ಗೆ 1185ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ಯಾರ್ಕ್‌ಶೈರಿನ ನ್ಯೂಸಮ್‌ನ ಗಿರಣಿ ಸೇರಿದೆ. ಅಂದರೆ ಅಡ್ಡಹೆಸರುಗಳು ಗಟ್ಟಿಯಾಗುತ್ತಿದ್ದ ದಿನಗಳಲ್ಲೇ ಕೆಲಸ ಕಾಲಿನಿಂದ ಯಂತ್ರಕ್ಕೆ ದಾಟುತ್ತಿತ್ತು. ಹುಡುಕುವವರಿಗೆ ಇದರಿಂದ ಆಗುವ ಉಪಕಾರವೆಂದರೆ, ವೇಗವಾಗಿ ಹರಿಯುವ ಹಳ್ಳತೊರೆಗಳ ದಂಡೆಯ ಊರುಗಳಲ್ಲಿ ಭೂಮಾಲೀಕರ ಗೇಣಿ ಲೆಕ್ಕಗಳನ್ನು ಹುಡುಕಬಹುದು. ಗಿರಣಿಗೆ ಗೇಣಿ ಕೊಡಬೇಕಾಗಿದ್ದುದರಿಂದ ಗಿರಣಿ ಹಿಡಿದವನ ಹೆಸರು ಅಲ್ಲಿ ಬರೆದಿರುತ್ತದೆ.

ಇಷ್ಟು ಶಬ್ದದ ಚರಿತ್ರೆ. ಒಂದು ಮನೆತನದ ಚರಿತ್ರೆಯನ್ನು ಹುಡುಕಬೇಕಾದರೆ ದಿಕ್ಕು ಬದಲಿಸಿ, ಬದುಕಿರುವವರಿಂದ ಹಿಂದಕ್ಕೆ ಹೋಗಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನನ, ವಿವಾಹ, ಮರಣಗಳ ಸರ್ಕಾರಿ ನೋಂದಣಿ ಆರಂಭವಾದದ್ದು 1837ರ ಜುಲೈ 1ರಂದು. ವಿವಾಹದ ಪತ್ರದಲ್ಲಿ ವಧೂವರರಿಬ್ಬರ ತಂದೆಯ ಹೆಸರೂ ಕಸುಬೂ ಇರುವುದರಿಂದ ಒಂದೇ ಪತ್ರದಿಂದ ಎರಡು ತಲೆಮಾರು ಸಿಗುತ್ತದೆ. ಗಣತಿಗಳಲ್ಲಿ 1841ರದು ಎಲ್ಲರ ಹೆಸರನ್ನೂ ದಾಖಲಿಸಿದ್ದರೂ, ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿರುವುದರಿಂದ ಅದನ್ನೇ ನಂಬಿ ಹುಟ್ಟಿದ ವರ್ಷವನ್ನು ತೆಗೆಯಬಾರದು. 1851ರಿಂದ ಮುಂದಿನವುಗಳಲ್ಲಿ ಹುಟ್ಟಿದ ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು, ಕೂಡ ಸಿಗುತ್ತದೆ. 1921ರ ಗಣತಿಯೇ ಸದ್ಯಕ್ಕೆ ತೆರೆದಿರುವ ಕೊನೆಯದು. 1931ರದು ಬೆಂಕಿಯಲ್ಲಿ ನಾಶವಾಗಿದೆ.

1837ಕ್ಕಿಂತ ಹಿಂದೆ ಕೈಹಿಡಿಯುವುದು ಚರ್ಚಿನ ದಫ್ತರ. ದೊರೆ ಎಂಟನೆಯ ಹೆನ್ರಿಯ ಮಂತ್ರಿ ತಾಮಸ್ ಕ್ರಾಮ್‌ವೆಲ್ 1538ರಲ್ಲಿ ಹೊರಡಿಸಿದ ಆಜ್ಞೆಯಂತೆ ಪ್ರತಿ ಪ್ಯಾರಿಷ್ ತನ್ನ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಬರೆದಿಡತೊಡಗಿತು. ಎಷ್ಟೋ ಪ್ಯಾರಿಷ್‌ಗಳ ಮೊದಲ ಪುಸ್ತಕಗಳು ಉಳಿದಿಲ್ಲ. 1640 ಮತ್ತು 1650ರ ದಶಕಗಳ ಅಂತರ್ಯುದ್ಧದ ಗೊಂದಲದಲ್ಲಿ ಬರವಣಿಗೆ ಅಲ್ಲಲ್ಲಿ ನಿಂತೇಹೋಗಿದೆ. 1813ರಿಂದ ಅಚ್ಚಾದ ನಮೂನೆ ಬಂದು, ಮಗುವಿನ ದೀಕ್ಷಾಸ್ನಾನದ ದಾಖಲೆಯಲ್ಲಿ ತಂದೆಯ ಕಸುಬನ್ನೂ ತುಂಬುವುದು ಕಡ್ಡಾಯವಾಯಿತು. ತಾರೀಕುಗಳ ವಿಷಯದಲ್ಲಿ ಒಂದು ಎಚ್ಚರ ಅಗತ್ಯ: 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಆರಂಭವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಆದ್ದರಿಂದ ದಫ್ತರದಲ್ಲಿ 1640ರ ಫೆಬ್ರವರಿ ಎಂದಿದ್ದರೆ ನಮ್ಮ ಲೆಕ್ಕದಲ್ಲಿ ಅದು 1641. ಇದನ್ನು ಗಮನಿಸದವರು ಮದುವೆಗೆ ಮೊದಲೇ ಮಗು ಹುಟ್ಟಿತೆಂದು ಬರೆದು, ಸತ್ತುಹೋದವರ ಮೇಲೆ ಇಲ್ಲದ ಕಳಂಕ ಹೊರಿಸುತ್ತಾರೆ. ಕಾಗುಣಿತದಲ್ಲೂ ಇಷ್ಟೇ ಎಚ್ಚರವಿರಬೇಕು. ಟಕರ್ ಎಂಬುದು ಟೂಕರ್ ಎಂದೂ, ಫುಲ್ಲರ್ ಎಂಬುದು ದಕ್ಷಿಣದವರ ಉಚ್ಚಾರಣೆಯಲ್ಲಿ ವೋಲರ್ ಎಂದೂ ಆಗಿರುವುದರಿಂದ, ಗಣಕಯಂತ್ರದಲ್ಲಿ ಹುಡುಕುವಾಗ ಒಂದೇ ರೂಪಕ್ಕೆ ಅಂಟಿಕೊಂಡರೆ ಅರ್ಧ ಮನೆತನ ಕೈತಪ್ಪುತ್ತದೆ.

ಸಾಮಾನ್ಯರ ಮನೆತನಗಳಲ್ಲಿ ಈ ಎಳೆ 16 ಅಥವಾ 17ನೆಯ ಶತಮಾನದ ಹತ್ತಿರ ಕಡಿದುಹೋಗುತ್ತದೆ. 14ನೆಯ ಶತಮಾನದ ತೆರಿಗೆ ಪಟ್ಟಿಯಲ್ಲಿ ಅದೇ ಸೀಮೆಯ ಅದೇ ಹೆಸರಿನವನು ಕಂಡರೂ ಅವನೇ ಪೂರ್ವಜ ಎಂದು ಗೆರೆ ಎಳೆಯಬಾರದು. ನಡುವಿನ ಎರಡು ಶತಮಾನಗಳನ್ನು ಜಮೀನಿನ ಕಾಗದವೋ ಉಯಿಲೋ ಜೋಡಿಸಿದರೆ ಮಾತ್ರ ಒಪ್ಪಬೇಕು. ಬಟ್ಟೆ ತುಳಿಯುವವರು ನೂರಾರು ಊರುಗಳಲ್ಲಿ ಇದ್ದುದರಿಂದ ವಾಕರ್ ಎಂಬ ಹೆಸರು ನೂರಾರು ಕಡೆ ಬೇರೆಬೇರೆಯಾಗಿ ಹುಟ್ಟಿದೆ. ಲೆಸ್ಟರ್ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದ ವಂಶವಾಹಿ ಅಧ್ಯಯನ ಇದನ್ನೇ ತೋರಿಸಿತು: ಅಪರೂಪದ ಅಡ್ಡಹೆಸರಿನ ಗಂಡಸರಲ್ಲಿ ತಂದೆಯಿಂದ ಮಗನಿಗೆ ಇಳಿಯುವ ವೈ ವರ್ಣತಂತು ಬಹುಮಟ್ಟಿಗೆ ಒಂದೇ ಬಗೆಯದಾಗಿದ್ದರೆ, ಸ್ಮಿತ್‌ನಂಥ ಅತಿ ಸಾಮಾನ್ಯ ಹೆಸರಿನವರಲ್ಲಿ ಅದು ದಾರಿಹೋಕರ ನಡುವೆ ಇರುವಷ್ಟೇ ಬಗೆಬಗೆಯದಾಗಿತ್ತು.

ಹೊರಗಿನಿಂದ ಬಂದು ಸೇರಿಕೊಂಡ ಹೆಸರುಗಳೂ ಇವೆ. ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಬಟ್ಟೆ ತುಳಿಯುವವನ ಮಗ ಎಂಬ ಅರ್ಥದ ‘ಮಕ್ ಅನ್ ಉಹ್ಕದರ್’ ಎಂಬ ಹೆಸರನ್ನು ಅನುವಾದಿಸಿ ವಾಕರ್ ಎಂದು ಬರೆಸಿದವರುಂಟು. ಐರ್ಲೆಂಡಿನ ‘ಓ ತುಅಹರ್’ ಮನೆತನದವರಲ್ಲಿ ಕೆಲವರು ಬರಿಯ ಧ್ವನಿಸಾಮ್ಯದಿಂದ ಟಕರ್ ಆದರು. ಅವರ ಪೂರ್ವಜರಿಗೂ ಉಣ್ಣೆಬಟ್ಟೆಗೂ ಈ ಹೆಸರಿನ ಮೂಲಕ ಸಂಬಂಧ ಕಲ್ಪಿಸುವುದು ತಪ್ಪು. ಅಮೆರಿಕದಲ್ಲೂ ಕೆರಿಬಿಯನ್ ದ್ವೀಪಗಳಲ್ಲೂ ಗುಲಾಮರಾಗಿ ದುಡಿಸಿಕೊಳ್ಳಲ್ಪಟ್ಟವರ ಸಂತತಿಯಲ್ಲಿ ವಾಕರ್ ಎಂಬ ಹೆಸರು ಬಹಳಷ್ಟಿದೆ. ಅಲ್ಲಿ ಆ ಹೆಸರು ಯಾರ್ಕ್‌ಶೈರಿನ ತೊಟ್ಟಿಗಿಂತ ಮೊದಲು, ಒಂದು ತೋಟದ ಒಡೆತನದ ಕಾಗದಪತ್ರಗಳತ್ತ ನಮ್ಮನ್ನು ಕರೆದೊಯ್ಯುತ್ತದೆ. ಆ ಚರಿತ್ರೆಯನ್ನು ಬರೆಯುವಾಗ ಶಬ್ದದ ಮೂಲವನ್ನು ಹೇಳಿ ನಿಲ್ಲಿಸುವುದು ಆ ಜನರಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಕರ್ನಾಟಕದಲ್ಲಿ ಕುಳಿತು ಈ ಕೆಲಸಕ್ಕೆ ಕೈಹಾಕುವವರಿಗೆ ಇಲ್ಲಿಯೇ ಒಂದು ಆರಂಭಬಿಂದು ಇದೆ. ಬೆಂಗಳೂರು ದಂಡಿನ ಹಳೆಯ ಸ್ಮಶಾನಗಳ ಕಲ್ಲುಗಳ ಮೇಲೆ ಕಸುಬಿನ ಅಡ್ಡಹೆಸರುಗಳು ಸಾಲುಸಾಲಾಗಿ ಸಿಗುತ್ತವೆ. ಕೋಲಾರದ ಚಿನ್ನದ ಗಣಿಗಳಿಗೆ ಕಾರ್ನ್‌ವಾಲಿನಿಂದಲೇ ಗಣಿಗಾರರು ಬಂದಿದ್ದುದರಿಂದ ಅಲ್ಲಿ ಇಂಗ್ಲೆಂಡಿನ ನೈಋತ್ಯದ ಹೆಸರುಗಳನ್ನು ನಿರೀಕ್ಷಿಸಬಹುದು. ಬೆಂಗಳೂರು ದಂಡಿನ ಚರ್ಚುಗಳಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ನಕಲುಗಳು ಮದ್ರಾಸ್ ಪ್ರಾಂತ್ಯದ ಲೆಕ್ಕಕ್ಕೆ ಸೇರಿ ಲಂಡನ್ನಿಗೆ ಹೋಗುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಹುಡುಕುವಾಗ ಬಂಗಾಳ, ಬೊಂಬಾಯಿ ಸರಣಿಗಳನ್ನು ಬಿಟ್ಟು ಮದ್ರಾಸಿನದನ್ನು ತೆರೆಯಬೇಕು. ಕಲ್ಲಿನ ಮೇಲಿನ ಹೆಸರು ಈಸ್ಟ್ ಇಂಡಿಯಾ ಕಂಪನಿಯದಲ್ಲದೆ ಬ್ರಿಟಿಷ್ ದೊರೆಯ ಸೈನ್ಯದ ಸಿಪಾಯಿಯದಾಗಿದ್ದು, ಅವನು ಅಥವಾ ಅವನ ತಂದೆ ಪಿಂಚಣಿ ಪಡೆದು ಬಿಡುಗಡೆಯಾಗಿದ್ದರೆ, ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲಾಗಾರದಲ್ಲಿ ಬಿಡುಗಡೆಯ ಕಾಗದವನ್ನು ಕೇಳಬೇಕು. ಆ ಕಾಗದದಲ್ಲಿ ಸಿಪಾಯಿ ಹುಟ್ಟಿದ ಪ್ಯಾರಿಷ್‌ನ ಹೆಸರಿರುತ್ತದೆ. ಅದರ ಜೊತೆಗೇ, ಸೈನ್ಯಕ್ಕೆ ಸೇರುವ ಮೊದಲು ಅವನು ಯಾವ ಕಸುಬು ಮಾಡುತ್ತಿದ್ದ ಎಂಬುದನ್ನೂ ಒಂದೇ ಮಾತಿನಲ್ಲಿ ಬರೆದಿರುತ್ತಾರೆ. ಪ್ಯಾರಿಷ್‌ನ ಹೆಸರನ್ನು ಹಿಡಿದು ಅಲ್ಲಿನ ಚರ್ಚಿನ ದಫ್ತರಕ್ಕೆ ಹೋಗಬೇಕು; ಕಸುಬಿನ ಮಾತನ್ನು ಅಡ್ಡಹೆಸರಿನ ಎದುರಿಗೆ ಬರೆದಿಟ್ಟುಕೊಂಡು ಹಿಂದಿನ ಒಂದೊಂದೇ ತಲೆಮಾರಿನ ಕಸುಬನ್ನು ಅದರ ಕೆಳಗೆ ಸೇರಿಸುತ್ತ ಹೋಗಬೇಕು.